ಹೇರಿದರೆ ಸಾಲದು, ಕಟ್ಟಬೇಕು



ಕನ್ನಡ ಪಾಠ ಹೇಳುವವರು ಯಂತ್ರ ಸಾಗಿಸುವ ವಿಷಯವಾಗಿ ಬರೆಯಲು ಹೊರಟಿದ್ದೇಕೆ ಎಂದು ನೀವು ಕೇಳಬಹುದು. ಕಾರಣವಿದೆ. ಅದನ್ನು ಮೊದಲು ಹೇಳುತ್ತೇವೆ.

ಕೆಲವು ವರ್ಷಗಳ ಹಿಂದಿನ ಮಾತು. ಮಳೆ ಬಿದ್ದು ಹೊಲ ಹದವಾಗಿತ್ತು. ಬೆಳಿಗ್ಗೆ ನಾವು ಶಾಲೆಯ ಗೇಟಿನ ಬಳಿ ನಿಂತಿದ್ದೆವು. ಬಾಡಿಗೆಗೆ ತಂದ ಪವರ್ ಟಿಲ್ಲರನ್ನು ಹೇರಿಕೊಂಡು ಒಂದು ಪಿಕಪ್ ಗಾಡಿ ಪಂಚಪಳ್ಳಿಯ ಕಡೆಗೆ ಹೋಯಿತು. ಕ್ಯಾಬಿನ್ನಿಗೂ ಟಿಲ್ಲರಿಗೂ ನಡುವೆ ನಮ್ಮ ಹತ್ತನೆಯ ತರಗತಿಯ ಹುಡುಗನೊಬ್ಬ ನಿಂತು ಯಂತ್ರವನ್ನು ಎರಡು ಕೈಗಳಿಂದ ಒತ್ತಿ ಹಿಡಿದಿದ್ದ. “ಅಲುಗದ ಹಾಗೆ ಹಿಡಿದುಕೊಳ್ಳೋ” ಎಂದು ಮನೆಯವರು ಹೇಳಿದ್ದರಂತೆ. ನಮ್ಮನ್ನು ಕಂಡು “ನಮಸ್ಕಾರ ಸಾರ್” ಎಂದು ಕೂಗಿದ. ನಾವೂ ನಗುತ್ತ ಕೈ ಬೀಸಿದೆವು. ಎರಡು ಮೈಲಿ ದಾಟುವಷ್ಟರಲ್ಲಿ ಕರುವೊಂದು ರಸ್ತೆಗೆ ಅಡ್ಡ ಬಂತು. ಚಾಲಕರು ಬ್ರೇಕ್ ಹಾಕಿದರು. ಗಾಡಿ ನಿಂತಿತು, ಟಿಲ್ಲರ್ ನಿಲ್ಲಲಿಲ್ಲ. ಹುಡುಗನ ಕಾಲು ಅದರ ಮುಂದೆ ಸಿಕ್ಕಿಬಿತ್ತು. ಮೂಳೆ ಕೂಡಿತು, ಈಗ ಅವನು ಚೆನ್ನಾಗಿಯೇ ನಡೆಯುತ್ತಾನೆ. ಆದರೆ ಆ ವರ್ಷದ ಓದು ಅವನ ಪಾಲಿಗೆ ಹೋಯಿತು. ಕೈ ಬೀಸಿದ ನಾವು ಅದೇ ಕೈಯನ್ನು ಅಡ್ಡ ಹಿಡಿದು ಗಾಡಿ ನಿಲ್ಲಿಸಬಹುದಾಗಿತ್ತು. ನಮಗೆ ತಿಳಿಯಲಿಲ್ಲ. ತಿಳಿಯದಿದ್ದುದನ್ನು ಆಮೇಲೆ ಚಾಲಕರಿಂದಲೂ ರೈತರಿಂದಲೂ ವಿಜ್ಞಾನದ ಪುಸ್ತಕಗಳಿಂದಲೂ ಕೇಳಿ ಓದಿ ತಿಳಿದುಕೊಂಡೆವು. ಅದನ್ನೇ ಇಲ್ಲಿ ನಿಮ್ಮ ಮುಂದೆ ಇಡುತ್ತಿದ್ದೇವೆ.

ಯಂತ್ರವೂ ಗಾಡಿಯೂ

ಮಾರಂಡಹಳ್ಳಿಯ ಸುತ್ತ ಈಗ ಉಳುವ ಎತ್ತು ಕಡಿಮೆ. ರಾಗಿ, ತಕ್ಕಾಳಿ ಬೆಳೆಯುವ ಚಿಕ್ಕ ಹಿಡುವಳಿಗಳಿಗೂ ತೆಂಗಿನ ಸಾಲುಗಳ ನಡುವಿಗೂ ಟಿಲ್ಲರೇ ಅನುಕೂಲ. 1967ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ವಿ.ಎಸ್.ಟಿ. ಸಂಸ್ಥೆ ಜಪಾನಿನ ಮಿತ್ಸುಬಿಷಿಯ ಸಹಯೋಗದಿಂದ ಈ ಯಂತ್ರವನ್ನು ದಕ್ಷಿಣದ ರೈತರಿಗೆ ಪರಿಚಯ ಮಾಡಿಸಿದವುಗಳಲ್ಲಿ ಒಂದು. 13 ಅಶ್ವಶಕ್ತಿಯ ಟಿಲ್ಲರ್, ಮಣ್ಣು ಕೊಚ್ಚುವ ರೋಟರಿಯೂ ಸೇರಿ, ಸುಮಾರು 400 ಕಿಲೋ ತೂಗುತ್ತದೆ. ಎಲ್ಲರ ಬಳಿಯೂ ಇದು ಇರುವುದಿಲ್ಲ. ಒಬ್ಬರದನ್ನು ಹತ್ತು ಮಂದಿ ಬಾಡಿಗೆಗೆ ತರುತ್ತಾರೆ. ಆದುದರಿಂದ ಅದು ಹೊಲದಲ್ಲಿ ಓಡುವಂತೆಯೇ ಗಾಡಿಯ ಮೇಲೂ ಪ್ರಯಾಣ ಮಾಡುತ್ತಿರುತ್ತದೆ.

ಆ ಗಾಡಿ ಯಾವುದು? 2005ರಲ್ಲಿ ಬಂದ, ನಮ್ಮ ಕಡೆ ‘ಕುಟ್ಟಿ ಯಾನೈ’ ಎಂದು ಕರೆಯುವ ಟಾಟಾ ಏಸ್, ಇಲ್ಲವೆ ಅದಕ್ಕಿಂತ ದೊಡ್ಡ ಪಿಕಪ್. ಕುಟ್ಟಿ ಯಾನೈಯ ತೊಟ್ಟಿ ಸುಮಾರು 7 ಅಡಿ ಉದ್ದ. ಹಿಡಿಗಳು ಸೇರಿದರೆ ಟಿಲ್ಲರಿನ ಉದ್ದ ಅದಕ್ಕಿಂತ ಹೆಚ್ಚು. ಹಿಂಬಾಗಿಲು ಮುಚ್ಚುವುದಿಲ್ಲ, ಹಿಡಿಗಳು ಹೊರಗೆ ಚಾಚಿಕೊಳ್ಳುತ್ತವೆ. ಮಿತಿ ಮೀರಿ ಹೊರಚಾಚಿದ ಸರಕಿಗೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆ 20,000 ರೂಪಾಯಿ ದಂಡ ವಿಧಿಸುತ್ತದೆ. ತೂಕ ತಡೆದರೆ ಸಾಲದು, ಉದ್ದವೂ ಹಿಡಿಸಬೇಕು. ಆದುದರಿಂದ ದೊಡ್ಡ ಟಿಲ್ಲರಿಗೆ ದೊಡ್ಡ ಪಿಕಪ್ಪೇ ತಕ್ಕುದು.

ಬಂಡಿ ಕಲಿಸುವ ಪಾಠ

ತಮಿಳಿನ ‘ವಂಡಿ’ಯೂ ನಮ್ಮ ‘ಬಂಡಿ’ಯೂ ಒಂದೇ ಪದ. ವಾಳೈ–ಬಾಳೆಯಂತೆ ಇಲ್ಲಿಯೂ ವಕಾರಕ್ಕೆ ಬಕಾರ ಬಂದಿದೆ. ಆ ಬಂಡಿಯನ್ನು ಹೇರುತ್ತಿದ್ದ ನಿಮ್ಮ ತಾತಂದಿರನ್ನು ಕೇಳಿ ನೋಡಿ. ಮುಂಭಾರವಾದರೆ ನೊಗ ಎತ್ತಿನ ಹೆಗಲನ್ನು ಒತ್ತುತ್ತದೆ. ಹಿಂಭಾರವಾದರೆ ಮೂಕಿ ಮೇಲೆದ್ದು ಕೊರಳ ಹಗ್ಗ ಎತ್ತಿನ ಕುತ್ತಿಗೆಯನ್ನು ಬಿಗಿಯುತ್ತದೆ. ಭಾರವೆಲ್ಲ ಅಚ್ಚಿನ ಸುತ್ತ ಸಮವಾಗಿ ಕೂರಬೇಕು, ಮುಂದಕ್ಕೆ ಒಂದಿಷ್ಟೇ ಹೆಚ್ಚಿರಬೇಕು ಎಂಬುದು ಅವರ ಲೆಕ್ಕ. ವಿಜ್ಞಾನದ ಮೇಷ್ಟ್ರು ಗುರುತ್ವಕೇಂದ್ರ ಎಂದು ಹೇಳಿಕೊಡುವುದು ಇದನ್ನೇ.

ಪಿಕಪ್ಪಿಗೂ ಇದೇ ಮಾತು. ಭಾರ ಹಿಂದಿನ ಅಚ್ಚಿನ ಹಿಂದಕ್ಕೆ ಬಿದ್ದರೆ ಮುಂಚಕ್ರಗಳು ಹಗುರವಾಗುತ್ತವೆ. ಆಗ ಚಾಲಕರು ಸ್ಟಿಯರಿಂಗ್ ತಿರುಗಿಸಿದರೂ ಗಾಡಿ ಸರಿಯಾಗಿ ಮಾತು ಕೇಳುವುದಿಲ್ಲ. ಟಿಲ್ಲರಿನ ಭಾರವಾದ ಇಂಜಿನ್ ಅದರ ಮುಂಭಾಗದಲ್ಲಿದೆ. ಆದುದರಿಂದ ಇಂಜಿನ್ ಕ್ಯಾಬಿನ್ನಿನ ಕಡೆಗಿರಬೇಕು. ತೊಟ್ಟಿಯ ಮುಂಗೋಡೆಗೆ ತಾಗುವಷ್ಟು ಹತ್ತಿರವಿರಬೇಕು. ನಡುವೆ ಜಾಗ ಬಿಟ್ಟರೆ ಅಷ್ಟು ದೂರ ಓಡಿಬಂದು ಗುದ್ದುವ ಅವಕಾಶ ಕೊಟ್ಟಂತೆ. ಆ ಹುಡುಗ ನಿಂತಿದ್ದುದು ಆ ಜಾಗದಲ್ಲಿಯೇ.

ಕೈ ಏಕೆ ಸಾಲದು?

ಚಲಿಸುವ ವಸ್ತು ತಾನಾಗಿ ನಿಲ್ಲುವುದಿಲ್ಲ, ಅದನ್ನು ನಿಲ್ಲಿಸಲು ಹೊರಗಿನ ಬಲ ಬೇಕು. 1687ರಲ್ಲಿ ನ್ಯೂಟನ್ ಪ್ರಕಟಿಸಿದ ಈ ನಿಯಮ ನಿಮಗೆ ಗೊತ್ತು. ಒಂದು ಲೆಕ್ಕ ಮಾಡೋಣ. ಗಾಡಿ ಗಂಟೆಗೆ 54 ಕಿಲೋಮೀಟರ್, ಅಂದರೆ ಸೆಕೆಂಡಿಗೆ 15 ಮೀಟರ್ ವೇಗದಲ್ಲಿದೆ. ಬ್ರೇಕ್ ಹಾಕಿದಾಗ ಎರಡು ಸೆಕೆಂಡಿನಲ್ಲಿ ನಿಂತಿತು ಎಂದುಕೊಳ್ಳಿ. ಸೆಕೆಂಡಿಗೆ 7.5 ಮೀಟರಿನಂತೆ ವೇಗ ಇಳಿಯಿತು. 400 ಕಿಲೋ ಯಂತ್ರವನ್ನೂ ಗಾಡಿಯ ಜೊತೆಗೇ ನಿಲ್ಲಿಸಲು 400 × 7.5 = 3,000 ನ್ಯೂಟನ್ ಬಲ ಬೇಕು. ಇದು ಸುಮಾರು ಮೂರು ಕ್ವಿಂಟಾಲ್ ಭಾರಕ್ಕೆ ಸಮ. ಮೂರು ಕ್ವಿಂಟಾಲ್ ರಾಗಿ ಮೂಟೆಗಳನ್ನು ಒಮ್ಮೆಗೇ ಎತ್ತಿಹಿಡಿಯಬಲ್ಲ ಹುಡುಗ ನಮ್ಮ ಶಾಲೆಯಲ್ಲಿದ್ದಾನೆಯೇ? ಪೈಲ್ವಾನನಿಗೂ ಆಗದ ಕೆಲಸವನ್ನು ನಾವು ಮಕ್ಕಳಿಗೆ ಒಪ್ಪಿಸುತ್ತಿದ್ದೇವೆ.

ಯೂರೋಪಿನ ದೇಶಗಳಲ್ಲಿ ಸರಕು ಕಟ್ಟುವುದಕ್ಕೆ ಒಂದು ಮಾನದಂಡವಿದೆ. ಮುಂದಕ್ಕೆ ಜಾರದಂತೆ ತೂಕದ ಹತ್ತರಲ್ಲಿ ಎಂಟು ಪಾಲು, ಪಕ್ಕಕ್ಕೂ ಹಿಂದಕ್ಕೂ ಜಾರದಂತೆ ಹತ್ತರಲ್ಲಿ ಐದು ಪಾಲು ಬಲವನ್ನು ಕಟ್ಟು ತಡೆಯಬೇಕು. ನಮ್ಮ ಟಿಲ್ಲರಿಗೆ ಅದು 320 ಕಿಲೋ ಮತ್ತು 200 ಕಿಲೋ ಆಗುತ್ತದೆ.

ಹತ್ತಿಸುವುದು

ಗಾಡಿಯ ತೊಟ್ಟಿ ನೆಲದಿಂದ ಎರಡೂವರೆ ಅಡಿ ಎತ್ತರದಲ್ಲಿದೆ ಎನ್ನೋಣ. ಐದು ಅಡಿಯ ಹಲಗೆ ಇಟ್ಟರೆ, ಘರ್ಷಣೆಯನ್ನು ಬಿಟ್ಟು ಲೆಕ್ಕ ಹಾಕಿದರೂ, ಯಂತ್ರವನ್ನು ಮೇಲಕ್ಕೆ ತಳ್ಳಲು ಅದರ ತೂಕದ ಅರ್ಧ, ಅಂದರೆ 200 ಕಿಲೋ ಬಲ ಬೇಕು. ಏಳೂವರೆ ಅಡಿಯದಾದರೆ ಮೂರನೆಯ ಒಂದು ಪಾಲು ಸಾಕು. ಹಲಗೆ ಉದ್ದವಾದಷ್ಟೂ ಒಳ್ಳೆಯದು. ಅದಕ್ಕಿಂತ ಒಳ್ಳೆಯದು ಹೊಲದ ಪಕ್ಕದ ಗಟ್ಟಿಯಾದ ದಿಣ್ಣೆಗೆ ಗಾಡಿಯ ಹಿಂಭಾಗ ತಾಗಿಸಿ ನಿಲ್ಲಿಸುವುದು. ಏರು ಬಹಳ ಕಡಿಮೆಯಾಗುತ್ತದೆ.

ಹಲಗೆಗಳ ಮೇಲ್ತುದಿಯನ್ನು ಗಾಡಿಗೆ ಕಟ್ಟಲೇಬೇಕು. ಕಟ್ಟದಿದ್ದರೆ ಟಿಲ್ಲರಿನ ಚಕ್ರ ಹಲಗೆಯನ್ನೇ ಹಿಂದಕ್ಕೆ ಒದ್ದು ಬೀಳಿಸುತ್ತದೆ. ಹತ್ತಿಸುವವರು ಪಳಗಿದವರಾಗಿರಬೇಕು. ರೋಟರಿ ತಿರುಗುತ್ತಿರಬಾರದು. ಅತಿ ಕೆಳಗಿನ ಗೇರಿನಲ್ಲಿ ನಿಧಾನವಾಗಿ ಹತ್ತಿಸಬೇಕು. ನಡುವೆ ಗೇರು ಬದಲಿಸಬಾರದು. ಹಿಡಿಯ ಕೆಳಗಿನ ತಿರುಗುವ ಕ್ಲಚ್ಚನ್ನು ಹಲಗೆಯ ಮೇಲೆ ಮುಟ್ಟಲೇಬಾರದು. ಸಮನೆಲದಲ್ಲಿ ಎಡಗಡೆಯದನ್ನು ಒತ್ತಿದರೆ ಯಂತ್ರ ಎಡಕ್ಕೆ ತಿರುಗುತ್ತದೆ. ಇಳಿಜಾರಿನಲ್ಲಿ ಇಳಿಯುವಾಗ ಹಾಗಲ್ಲ. ಬಿಡುಗಡೆಯಾದ ಎಡಚಕ್ರವೇ ಬೇಗ ಉರುಳಿ ಯಂತ್ರ ಬಲಕ್ಕೆ ತಿರುಗಿಬಿಡುತ್ತದೆ. ಹಲಗೆಯ ಅಗಲ ಎಷ್ಟೆಂಬುದನ್ನು ನೆನೆದರೆ ಅಪಾಯ ತಾನೇ ತಿಳಿಯುತ್ತದೆ. ಹಲಗೆಯ ಕೆಳಗಡೆ, ಪಕ್ಕದಲ್ಲಿ ಯಾರೂ ನಿಲ್ಲಬಾರದು.

ಕಟ್ಟುವುದು

ನಮ್ಮ ಗಾಡಿಗಳು ರಾತ್ರಿ ಪಾಲಕೋಡಿನ ಮಾರುಕಟ್ಟೆಗೆ ತಕ್ಕಾಳಿ ಹೊತ್ತು ಬಂದಿರುತ್ತವೆ. ತೊಟ್ಟಿಯಲ್ಲಿ ಹಣ್ಣಿನ ರಸ, ಹುಲ್ಲು ಇದ್ದರೆ ಜಾರುತ್ತದೆ. ಆದುದರಿಂದ ಯಂತ್ರ ಹತ್ತಿಸುವ ಮೊದಲೇ ಗುಡಿಸಿ ಒರೆಸಿರಬೇಕು. ಹತ್ತಿಸಿದ ಮೇಲೆ ಇಂಜಿನ್ ನಿಲ್ಲಿಸಿ, ಗೇರು ಹಾಕಿ, ಇಂಧನದ ಕೊಳಾಯಿ ಮುಚ್ಚಬೇಕು. ರೋಟರಿಯನ್ನು ಹಲಗೆಯ ಮೇಲೆ ಇಳಿಸಬೇಕು. ಚಕ್ರಗಳ ಹಿಂದೆ ಮುಂದೆ ಕೊರಡು ಕೊಡಬೇಕು. ನಮ್ಮ ಚಾಲಕರು ತಮಿಳಿನಲ್ಲಿ ‘ಕಟ್ಟೈ’ ಎನ್ನುವುದು ಇದನ್ನೇ.

ಟಿಲ್ಲರಿಗೆ ಎರಡೇ ಚಕ್ರ. ಬಂಡಿಯಂತೆ ಅದು ಮುಂದಕ್ಕೂ ಹಿಂದಕ್ಕೂ ತೂಗುತ್ತದೆ. ಒಂದೇ ಹಗ್ಗವನ್ನು ನಡುವೆ ಅಡ್ಡ ಬಿಗಿದರೆ ಪ್ರಯೋಜನವಿಲ್ಲ. ನಾಲ್ಕು ಮೂಲೆಗೂ ನಾಲ್ಕು ಕಟ್ಟು ಬೇಕು. ಇಲ್ಲಿ ಹಲವರು ತಪ್ಪುವ ಸಂಗತಿ ಒಂದಿದೆ. ಯಂತ್ರ ಮುಂದಕ್ಕೆ ಜಾರದಂತೆ ತಡೆಯುವುದು ಹಿಂದಿನ ಕೊಕ್ಕೆಗಳಿಗೆ ಎಳೆದು ಕಟ್ಟಿದ ಹಗ್ಗ. ಹಿಂದಕ್ಕೆ ಜಾರದಂತೆ ತಡೆಯುವುದು ಮುಂದಿನ ಕೊಕ್ಕೆಗಳಿಗೆ ಕಟ್ಟಿದ ಹಗ್ಗ. ಹಗ್ಗ ಕೆಳಕ್ಕೂ ಹೊರಕ್ಕೂ ಓರೆಯಾಗಿ ಇಳಿಯಬೇಕು. ಗಟ್ಟಿಯಾದ ಚೌಕಟ್ಟಿಗೆ ಕಟ್ಟಬೇಕೇ ಹೊರತು ಹಿಡಿಗೆ, ತಂತಿಗೆ, ಬೆಲ್ಟಿನ ಮುಚ್ಚಳಕ್ಕೆ ಕಟ್ಟಬಾರದು.

ತೆಂಗಿನ ನಾರಿನ ಹಗ್ಗ ಹುಲ್ಲಿನ ಹೊರೆಗೆ ಸರಿ, ಇಂಜಿನ್ನಿಗೆ ಸಾಲದು. ನೈಲಾನ್ ಗಟ್ಟಿ, ಆದರೆ ಎಳೆದರೆ ಹಿಗ್ಗುತ್ತದೆ. ಹಲ್ಲುಚಕ್ರದಿಂದ ಬಿಗಿಯುವ ರಾಟ್ಚೆಟ್ ಬೆಲ್ಟು ಎಲ್ಲಕ್ಕಿಂತ ಮೇಲು. ಎಷ್ಟು ಭಾರ ತಡೆಯುತ್ತದೆ ಎಂಬುದು ಅದರ ಚೀಟಿಯಲ್ಲಿಯೇ ಇರುತ್ತದೆ. ಹಗ್ಗವೇ ಗತಿಯಾದರೆ ಲಾರಿಯವರ ಕಟ್ಟನ್ನು ಕಲಿಯಿರಿ. ಹಗ್ಗದ ನಡುವೆ ಒಂದು ಕುಣಿಕೆ ಮಾಡಿ, ತುದಿಯನ್ನು ಗಾಡಿಯ ಕೊಕ್ಕೆಗೆ ಸುತ್ತಿಸಿ ತಂದು, ಕುಣಿಕೆಯೊಳಗೆ ತೂರಿಸಿ ಎಳೆಯುವುದು. ಕುಣಿಕೆ ರಾಟೆಯಂತೆ ಕೆಲಸ ಮಾಡಿ ನಮ್ಮ ಬಲ ಲೆಕ್ಕದಲ್ಲಿ ಮೂರು ಪಟ್ಟಾಗುತ್ತದೆ. ಘರ್ಷಣೆಯಿಂದ ಸ್ವಲ್ಪ ನಷ್ಟವಾಗುತ್ತದೆ. ಹಗ್ಗ ಕಬ್ಬಿಣದ ಅಂಚಿಗೆ ಉಜ್ಜುವ ಕಡೆ ಮಡಿಸಿದ ಗೋಣಿಚೀಲ ಇಡಿ.

ಅಮೆರಿಕ, ಆಸ್ಟ್ರೇಲಿಯಾಗಳ ರೈತರು ಎ.ಟಿ.ವಿ. ಎಂಬ ನಾಲ್ಕು ಚಕ್ರದ ಸವಾರಿ ಯಂತ್ರವನ್ನು ಪಿಕಪ್ಪಿನಲ್ಲಿ ಸಾಗಿಸುವಾಗಲೂ ಇದೇ ನಾಲ್ಕು ಮೂಲೆಯ ಕಟ್ಟನ್ನು ಹಾಕುತ್ತಾರೆ. ಯಂತ್ರ ಬೇರೆ, ನಿಯಮ ಒಂದೇ.

ಹೊರಟ ಮೇಲೆ

ಗಾಳಿ ತುಂಬಿದ ಟಯರು ಕುಪ್ಪಳಿಸಿ ಕುಪ್ಪಳಿಸಿ ಕಟ್ಟು ಸಡಿಲವಾಗುತ್ತದೆ. ನಾಲ್ಕೈದು ಕಿಲೋಮೀಟರ್ ಹೋದ ಮೇಲೆ ನಿಲ್ಲಿಸಿ, ಪ್ರತಿಯೊಂದು ಹಗ್ಗವನ್ನೂ ಮುಟ್ಟಿ ನೋಡಿ ಮತ್ತೆ ಬಿಗಿಯಬೇಕು. ಧರ್ಮಪುರಿ ದಾಟಿ ಸೇಲಂ ಕಡೆಗೆ ಹೋಗುವವರು ತೊಪ್ಪೂರು ಘಟ್ಟ ಇಳಿಯುವ ಮೊದಲು ಇನ್ನೊಮ್ಮೆ ನೋಡಬೇಕು. ಆ ಇಳಿಜಾರಿನಲ್ಲಿ ಆಗಿರುವ ಅಪಘಾತಗಳನ್ನು ನೀವು ಪತ್ರಿಕೆಗಳಲ್ಲಿ ಓದಿದ್ದೀರಿ. ಯಂತ್ರದ ಜೊತೆ ತೊಟ್ಟಿಯಲ್ಲಿ ಯಾರೂ ಇರಬಾರದು. 1988ರ ಮೋಟಾರು ವಾಹನ ಕಾಯಿದೆಯೂ ಸರಕಿನ ಗಾಡಿ ಸರಕಿಗಾಗಿಯೇ ಎನ್ನುತ್ತದೆ.

ಹಿರಿಯರು “ಹತ್ತೋ, ಹಿಡಿದುಕೋ” ಎಂದಾಗ ಎದುರಾಡುವುದು ಹೇಗೆ ಎಂದು ನೀವು ಅಂಜುವುದು ನಮಗೆ ಗೊತ್ತು. ಎದುರಾಡಬೇಕಾಗಿಲ್ಲ. “ಅಪ್ಪಾ, ಇನ್ನೊಂದು ಹಗ್ಗ ಕೊಡಿ, ನಾನೇ ಕಟ್ಟುತ್ತೇನೆ” ಎನ್ನಿ. ಅದಕ್ಕೂ ಒಪ್ಪದಿದ್ದರೆ ನಮ್ಮ ಹೆಸರು ಹೇಳಿ. ನಾವು ಮನೆಗೆ ಬಂದು ಮಾತನಾಡುತ್ತೇವೆ. ಶಾಲೆಯ ಗೇಟಿನ ಮುಂದೆ ಅಂಥ ಗಾಡಿ ಬಂದರೆ ಈಗ ನಾವು ಕೈ ಬೀಸುವುದಿಲ್ಲ, ಅಡ್ಡ ಹಿಡಿಯುತ್ತೇವೆ.

ಅಭ್ಯಾಸ

1. ಗಂಟೆಗೆ 36 ಕಿಲೋಮೀಟರ್ ವೇಗದ ಗಾಡಿ ಎರಡು ಸೆಕೆಂಡಿನಲ್ಲಿ ನಿಂತರೆ 400 ಕಿಲೋ ಟಿಲ್ಲರನ್ನು ತಡೆಯಲು ಎಷ್ಟು ಬಲ ಬೇಕು?
2. ಎರಡೂವರೆ ಅಡಿ ಎತ್ತರಕ್ಕೆ ಹತ್ತು ಅಡಿಯ ಹಲಗೆ ಇಟ್ಟರೆ ಅದೇ ಯಂತ್ರವನ್ನು ತಳ್ಳಲು ಎಷ್ಟು ಬಲ ಸಾಕು? (ಘರ್ಷಣೆಯನ್ನು ಬಿಡಿ.)
3. ನೊಗ, ಮೂಕಿ, ಕಡಾಣಿ, ಅಚ್ಚು: ಈ ಪದಗಳ ಅರ್ಥವನ್ನು ಮನೆಯ ಹಿರಿಯರಿಂದ ಕೇಳಿ ಬರೆಯಿರಿ. ಬಂಡಿಗೆ ಸಂಬಂಧಿಸಿದ ಇನ್ನೂ ಐದು ಪದಗಳನ್ನು ಸಂಗ್ರಹಿಸಿರಿ.
4. ನಿಮ್ಮ ಬೀದಿಯಲ್ಲಿ ಹೇರಿ ನಿಂತ ಒಂದು ಗಾಡಿಯನ್ನು ಗಮನಿಸಿ, ಅದರ ಕಟ್ಟಿನಲ್ಲಿ ಸರಿ ಯಾವುದು, ತಪ್ಪು ಯಾವುದು ಎಂದು ಹತ್ತು ವಾಕ್ಯಗಳಲ್ಲಿ ಬರೆಯಿರಿ.