ಕೌದಿಯಿಂದ ಹೊಸ ಅಂಗಿಯವರೆಗೆ: ಗ್ರಾಹಕ ಶಿಕ್ಷಣದ ಒಂದು ಪಾಠ

ಹತ್ತನೇ ತರಗತಿಯ ಸಮಾಜ ವಿಜ್ಞಾನದ ವ್ಯವಹಾರ ಅಧ್ಯಯನ ವಿಭಾಗದಲ್ಲಿ ‘ಗ್ರಾಹಕ ಶಿಕ್ಷಣ ಮತ್ತು ರಕ್ಷಣೆ’ ಎಂಬ ಅಧ್ಯಾಯವಿದೆ. ಸೈದಾಪುರದ ಪ್ರೌಢಶಾಲೆಯೊಂದರಲ್ಲಿ ಬೋಧನಾಭ್ಯಾಸದ ಅವಧಿಯಲ್ಲಿ ನಾನು ಈ ಅಧ್ಯಾಯವನ್ನು ಬಟ್ಟೆ ಖರೀದಿಯ ಮೂಲಕ ಎರಡು ಅವಧಿಗಳಲ್ಲಿ ಬೋಧಿಸಿದೆ. ಪಾಠ ಹೇಗೆ ಸಾಗಿತು, ಅದರಿಂದ ಪ್ರಶಿಕ್ಷಣಾರ್ಥಿಗಳಿಗೆ ಏನು ಉಪಯೋಗ ಎಂಬುದನ್ನು ಇಲ್ಲಿ ದಾಖಲಿಸಿದ್ದೇನೆ.

ಉದ್ದೇಶದ ಆಯ್ಕೆ

ಅಗ್ಗದ ದರದಲ್ಲಿ ತಯಾರಾಗಿ, ನಾಲ್ಕು ದಿನ ತೊಟ್ಟು ಬಿಸಾಡುವ ಉಡುಪಿನ ವ್ಯಾಪಾರಕ್ಕೆ ಫಾಸ್ಟ್ ಫ್ಯಾಷನ್ ಎನ್ನುತ್ತಾರೆ. ಈ ವಿಷಯದ ಪಾಠಗಳು ಸಾಮಾನ್ಯವಾಗಿ ‘ಕಡಿಮೆ ಕೊಳ್ಳಿರಿ’ ಎಂಬ ಬುದ್ಧಿಮಾತಿನಲ್ಲಿ ಮುಗಿಯುತ್ತವೆ. ಆದರೆ ವರ್ಷಕ್ಕೊಮ್ಮೆ ಹಬ್ಬಕ್ಕೋ ಜಾತ್ರೆಗೋ ಒಂದು ಜೊತೆ ಹೊಸ ಬಟ್ಟೆ ಕಾಣುವ ಮಗುವಿಗೆ ಈ ಮಾತು ಹೇಳುವುದು ಹೇಗೆ? ಆದ್ದರಿಂದ ನಾನು ಬರೆದುಕೊಂಡ ಉದ್ದೇಶ ಹೀಗಿತ್ತು: ‘ವಿದ್ಯಾರ್ಥಿಯು ಕೈಯಲ್ಲಿರುವ ಹಣಕ್ಕೆ ಸಿಗುವ ಬಟ್ಟೆಯನ್ನು ಪರೀಕ್ಷಿಸಿ, ಕಾರಣ ಕೊಟ್ಟು ಆಯ್ಕೆ ಮಾಡುವನು.’

ಪೂರ್ವಜ್ಞಾನ

ಪಾಠೋಪಕರಣವಾಗಿ ಒಂದು ಹಳೆಯ ಕೌದಿಯನ್ನು ಮೇಜಿನ ಮೇಲೆ ಹರಡಿದೆ. ‘ಇದರಲ್ಲಿ ಏನೇನು ಬಟ್ಟೆ ಇವೆ?’ ಎಂದು ಕೇಳಿದಾಗ ಮಕ್ಕಳು ಸೀರೆ, ಧೋತರ, ಅಂಗಿ, ಲಂಗಗಳ ತುಂಡುಗಳನ್ನು ಗುರುತಿಸಿದರು. ‘ನಮ್ಮ ಆಯಿ ಹೊಲಿತಾಳ್ರಿ’ ಎಂದು ಹಿಂದಿನ ಸಾಲಿನಿಂದ ದನಿ ಬಂತು. ಸೀರೆ ಹಳತಾದರೆ ಲಂಗ, ಲಂಗ ಹರಿದರೆ ಕೌದಿ, ಕೊನೆಗೆ ಒರೆಸುವ ಅರಿವೆ ಎಂಬ ಸರಪಳಿಯನ್ನು ಮಕ್ಕಳೇ ಹೇಳಿದರು, ನಾನು ಕಪ್ಪುಹಲಗೆಯ ಮೇಲೆ ಬರೆದೆ. ಸುಸ್ಥಿರ ಉಡುಪು ಎಂಬ ಪದವನ್ನು ಇದಾದ ಮೇಲೆ ಪರಿಚಯಿಸಿದೆ. ಬಡತನದ ಗುರುತೆಂದು ಮುಚ್ಚಿಡುವ ರೂಢಿಯೊಂದಕ್ಕೆ ಪಠ್ಯದ ಭಾಷೆಯಲ್ಲಿ ಗೌರವದ ಹೆಸರಿದೆ ಎಂಬುದು ತರಗತಿಗೆ ತಿಳಿಯಬೇಕಿತ್ತು.

ಚಟುವಟಿಕೆ 1: ಹೊಲದಿಂದ ಅಂಗಡಿಗೆ

ಯಾದಗಿರಿ ಜಿಲ್ಲೆ ಹತ್ತಿ ಬೆಳೆಯುವ ನಾಡು. ಹತ್ತಿ ಬಿಡಿಸುವ ಹಂಗಾಮಿನಲ್ಲಿ ಶಾಲೆಯ ಹಾಜರಾತಿ ಇಳಿಯುವುದು ಈ ಭಾಗದ ಶಿಕ್ಷಕರಿಗೆ ಗೊತ್ತಿದ್ದದ್ದೇ. ಬಿಡಿಸುವುದು, ಅರಳೆ ಬೇರ್ಪಡಿಸುವುದು, ನೂಲುವುದು, ನೇಯುವುದು, ಬಣ್ಣ ಹಾಕುವುದು, ಹೊಲಿಯುವುದು, ಮಾರುವುದು ಎಂಬ ಹಂತಗಳನ್ನು ಚೀಟಿಗಳಲ್ಲಿ ಬರೆದು, ಗುಂಪುಗಳು ಅನುಕ್ರಮವಾಗಿ ಜೋಡಿಸುವಂತೆ ಹೇಳಿದೆ. ಬಳಿಕ ‘ಅಂಗಿ ಅಗ್ಗವಾಗಬೇಕಾದರೆ ಯಾವ ಹಂತದಲ್ಲಿ ಹಣ ಕಡಿಮೆ ಕೊಡುತ್ತಾರೆ?’ ಎಂದು ಪ್ರಶ್ನಿಸಿದೆ. ಮೊದಲು ಬಂದ ಉತ್ತರ: ‘ಬಿಡಿಸೋರಿಗೆ.’

ಇಲ್ಲಿ ಎರಡು ಮಾಹಿತಿ ಸೇರಿಸಿದೆ. ಒಂದು, 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ಢಾಕಾ ಬಳಿ ರಾಣಾ ಪ್ಲಾಜಾ ಎಂಬ ಕಟ್ಟಡ ಕುಸಿದು, ಅದರೊಳಗಿನ ಸಿದ್ಧ ಉಡುಪು ಕಾರ್ಖಾನೆಗಳಲ್ಲಿದ್ದ 1,100ಕ್ಕೂ ಹೆಚ್ಚು ಜನ ಸತ್ತರು. ಎರಡು, ಒಂದು ಹತ್ತಿ ಟೀ ಶರ್ಟಿನ ಹಿಂದೆ ಮಳೆನೀರೂ ಸೇರಿ ಸುಮಾರು 2,700 ಲೀಟರ್ ನೀರು ಇದೆ ಎಂಬ ಅಂದಾಜು. 15 ಲೀಟರ್ ಹಿಡಿಯುವ ಕೊಡದ ಲೆಕ್ಕದಲ್ಲಿ ಅದು 180 ಕೊಡ. ಲೆಕ್ಕವನ್ನು ಮಕ್ಕಳೇ ಮಾಡಿದರು.

ಚಟುವಟಿಕೆ 2: ಬಟ್ಟೆಯ ಪರೀಕ್ಷೆ

ಸಂಶ್ಲೇಷಿತ ಎಳೆಗಳ ಬಗ್ಗೆ ಮಕ್ಕಳು ವಿಜ್ಞಾನದಲ್ಲಿ ಓದಿದ್ದರು. ಎರಡು ದಾರಗಳನ್ನು ಇಕ್ಕಳದಲ್ಲಿ ಹಿಡಿದು ನಾನೇ ಸುಟ್ಟು ತೋರಿಸಿದೆ. ಹತ್ತಿ ದಾರ ಕಾಗದ ಸುಟ್ಟ ವಾಸನೆ ಬಿಟ್ಟು ಮೆತ್ತನೆಯ ಬೂದಿಯಾಯಿತು. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಯಿತು. ಅಂಗಡಿಯಲ್ಲಿ ಸುಡಲಾಗದು, ಆದರೆ ಮೂರು ಪರೀಕ್ಷೆ ಮಾಡಬಹುದು: ಬೆಳಕಿಗೆ ಹಿಡಿದು ನೇಯ್ಗೆ ನೋಡುವುದು, ಬಟ್ಟೆಯನ್ನು ತಿರುವಿ ಹೊಲಿಗೆ ಒತ್ತೊತ್ತಾಗಿದೆಯೇ ನೋಡುವುದು, ಒದ್ದೆ ಬಿಳಿ ಕರವಸ್ತ್ರದಿಂದ ಒಳಮಡಿಕೆ ಉಜ್ಜಿ ಬಣ್ಣ ಬಿಡುತ್ತದೆಯೇ ನೋಡುವುದು. ರಸೀದಿ ಪಡೆಯುವುದನ್ನೂ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯನ್ನೂ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ನ್ನೂ ಇಲ್ಲಿಯೇ ಪಠ್ಯಕ್ಕೆ ಜೋಡಿಸಿದೆ.

ಚಟುವಟಿಕೆ 3: ಒಂದು ಸಲ ತೊಡಲು ಎಷ್ಟು?

ಕಲ್ಪಿತ ಲೆಕ್ಕವೊಂದನ್ನು ಕೊಟ್ಟೆ. 250 ರೂಪಾಯಿಯ ಅಂಗಿ 20 ಸಲ ತೊಡಲು ಬಂದರೆ ಒಂದು ಸಲಕ್ಕೆ 12 ರೂಪಾಯಿ 50 ಪೈಸೆ. 600 ರೂಪಾಯಿಯ ಅಂಗಿ 100 ಸಲ ಬಂದರೆ 6 ರೂಪಾಯಿ. ಆಗ ಒಬ್ಬ ಹುಡುಗಿ ಎದ್ದು, ‘ಟೀಚರ್, ಒಮ್ಮೆಗೇ 600 ಎಲ್ಲಿಂದ ತರಬೇಕ್ರಿ?’ ಎಂದಳು.

ಇಡೀ ಅಧ್ಯಾಯದ ಜೀವಾಳ ಈ ಪ್ರಶ್ನೆಯಲ್ಲಿದೆ. ಗ್ರಾಹಕನಿಗೆ ಆಯ್ಕೆಯ ಹಕ್ಕಿದೆ ಎಂದು ಪಠ್ಯ ಹೇಳುತ್ತದೆ. ಆ ಹಕ್ಕನ್ನು ಕಿಸೆ ನೋಡಿಕೊಂಡೇ ಚಲಾಯಿಸಬೇಕಾಗುತ್ತದೆ. ಪ್ರಶ್ನೆಯನ್ನು ಹಲಗೆಯ ಮೇಲೆ ಬರೆದು ಗುಂಪುಗಳಿಗೇ ಬಿಟ್ಟೆ. ಬಂದ ಉತ್ತರಗಳು ಇವು: 250ರ ಅಂಗಿಗಳಲ್ಲೇ ಮೂರು ಪರೀಕ್ಷೆ ಮಾಡಿ ಗಟ್ಟಿಯಾದದ್ದನ್ನು ಆರಿಸುವುದು, ತಂದ ದಿನವೇ ಗುಂಡಿ, ಅಂಚು ಬಿಗಿ ಮಾಡಿಸುವುದು, ದರ್ಜಿಯಲ್ಲಿ ಒಳಗೆ ಬಟ್ಟೆ ಬಿಟ್ಟು ಹೊಲಿಸಿ, ಬೆಳೆದಂತೆ ಬಿಚ್ಚಿ ದೊಡ್ಡದು ಮಾಡಿಸುವುದು. ಮೂರನೆಯದು ನನ್ನ ಪಾಠಯೋಜನೆಯಲ್ಲಿ ಇರಲಿಲ್ಲ. ಅದು ಅವರ ಮನೆಗಳಿಂದ ಬಂದದ್ದು.

ಮೌಲ್ಯಮಾಪನ

‘ಹಬ್ಬಕ್ಕೆ 300 ರೂಪಾಯಿಯಲ್ಲಿ ಬಟ್ಟೆ ಕೊಳ್ಳಬೇಕು. ನಿಮ್ಮ ಆಯ್ಕೆಗೆ ಮೂರು ಕಾರಣ ಬರೆಯಿರಿ’ ಎಂದು ಕೇಳಿದೆ. ಹೆಚ್ಚಿನವರು ಹೊಲಿಗೆ, ಬಣ್ಣ, ಬಾಳಿಕೆ ಎಂದು ಬರೆದರು. ಕೆಲವರು ‘ಗೆಳೆಯರ ಮುಂದೆ ಚಂದ ಕಾಣಬೇಕು’ ಎಂದೂ ಬರೆದರು. ಅದಕ್ಕೆ ಅಂಕ ಕಳೆಯಲಿಲ್ಲ. ಮರ್ಯಾದೆಯೂ ಗ್ರಾಹಕ ವರ್ತನೆಯ ಒಂದು ಕಾರಣ. ಅದನ್ನು ಒಪ್ಪಿಕೊಂಡು ಬರೆದವನು ಜಾಹೀರಾತನ್ನು ಪ್ರಶ್ನಿಸುವುದನ್ನೂ ಕಲಿಯಬಲ್ಲ.

ಪ್ರಶಿಕ್ಷಣಾರ್ಥಿಗಳಿಗೆ

ಈ ಪಾಠ ಮಾಡುವವರು ಮಕ್ಕಳು ತೊಟ್ಟ ಬಟ್ಟೆಯನ್ನು ಎಂದೂ ಉದಾಹರಣೆಯಾಗಿ ತೋರಿಸಬಾರದು. ಪರೀಕ್ಷೆಗೆ ಬೇಕಾದ ಬಟ್ಟೆಯ ತುಂಡುಗಳನ್ನು ದರ್ಜಿಯ ಅಂಗಡಿಯಿಂದ ತರಬಹುದು. ಹಾಗೆಯೇ, ಮಕ್ಕಳ ಮನೆಯ ಖರ್ಚಿನ ಮೊತ್ತವನ್ನು ಎಲ್ಲರೆದುರು ಕೇಳದೆ ಕಲ್ಪಿತ ಮೊತ್ತವನ್ನೇ ಬಳಸಬೇಕು. ಕೌದಿ ಸಿಗದ ಊರಿನಲ್ಲಿ ಹಳೆ ಸೀರೆಯ ತೊಟ್ಟಿಲು ಸಿಕ್ಕೀತು, ಹಳೆ ಪ್ಯಾಂಟಿನ ಕೈಚೀಲ ಸಿಕ್ಕೀತು. ಮಕ್ಕಳಿಗೆ ಗೊತ್ತಿರುವುದರಿಂದ ಪಾಠ ಆರಂಭವಾದರೆ, ಗೊತ್ತಿಲ್ಲದ್ದನ್ನು ಅವರೇ ಕೇಳುತ್ತಾರೆ.