ಬಚ್ಚಲು ಕಟ್ಟುವ ಮುನ್ನ

ತಮ್ಮಾ, ತಂಗಿ, ಹೊಸ ಮನೆಯ ದೇವರ ಕೋಣೆ ಯಾವ ದಿಕ್ಕಿಗಿರಬೇಕೆಂದು ಹತ್ತು ಜನರನ್ನು ಕೇಳಿದ್ದೀರಿ. ಬಚ್ಚಲಿನ ನೀರು ಹೇಗೆ ಹೊರಗೆ ಹೋಗಬೇಕೆಂದು ಮಾತ್ರ ಯಾರನ್ನೂ ಕೇಳಿಲ್ಲ. ಅದನ್ನು ನಾನೇ ಹೇಳುತ್ತೇನೆ, ಕೇಳಿರಿ.

ವಿಜಯಪುರದಿಂದ ತಿಕೋಟಾ ಕಡೆಗೆ ಹೊರಟರೆ ತೊರವಿ ಸಿಗುತ್ತದೆ. ಆದಿಲ್‌ಶಾಹಿಗಳ ಕಾಲದಲ್ಲಿ ಅಲ್ಲಿಂದ ನೆಲದಡಿಯ ಸುರಂಗದಲ್ಲಿ ಊರಿಗೆ ನೀರು ಬರುತ್ತಿತ್ತು. 1651ರಲ್ಲಿ ಮಹಮ್ಮದ್ ಆದಿಲ್‌ಶಾಹ ಕಟ್ಟಿಸಿದ ಬೇಗಂ ತಲಾಬ್ ಎಂಬ ಕೆರೆಯಿಂದಲೂ ಮಣ್ಣಿನ ಕೊಳವೆಗಳಲ್ಲಿ ನೀರು ಬರುತ್ತಿತ್ತು. ದಾರಿಯಲ್ಲಿ ಅಲ್ಲಲ್ಲಿ ಗಂಜ್ ಎಂಬ ಕಲ್ಲಿನ ಗೋಪುರಗಳನ್ನು ಎತ್ತಿದರು. ಕೊಳವೆಯ ಒತ್ತಡ ಅಲ್ಲಿ ತಗ್ಗುತ್ತಿತ್ತು, ರಾಡಿ ತಳದಲ್ಲಿ ಕೂರುತ್ತಿತ್ತು, ತಿಳಿನೀರು ಮುಂದಕ್ಕೆ ಹೋಗುತ್ತಿತ್ತು. ಅದು ಕುಡಿಯುವ ನೀರಿನ ಏರ್ಪಾಡು. ಆದರೂ ಕಸವನ್ನು ಎಲ್ಲಿ ತಡೆಯಬೇಕೆಂಬ ಅವರ ಯೋಚನೆ ಮುಸುರೆ ನೀರಿಗೂ ಸಲ್ಲುತ್ತದೆ.

ನಮ್ಮ ಮನೆಗಳಲ್ಲಿ ಪೈಪು ಕಟ್ಟುವುದು ಹೆಚ್ಚಾಗಿ ಅಡುಗೆಮನೆಯಿಂದಲೇ. ಜೋಳದ ಹಿಟ್ಟನ್ನು ಕುದಿನೀರು ಹಾಕಿ ನಾದುತ್ತೇವಲ್ಲ, ಆ ಪರಾತ ತೊಳೆದ ನೀರು ಅಂಟಿನ ಹಾಗೆ ಪೈಪಿಗೆ ಹಿಡಿಯುತ್ತದೆ. ಅದರ ಮೇಲೆ ಎಣ್ಣೆಗಾಯಿ ಪಲ್ಯದ ಜಿಡ್ಡು ಬಿದ್ದು ತಣ್ಣಗಾಗಿ ಗಟ್ಟಿಯಾಗುತ್ತದೆ. ಚಹಾದ ಪುಡಿ, ಅನ್ನದ ಅಗುಳು ಅದಕ್ಕೆ ಸಿಕ್ಕಿಕೊಳ್ಳುತ್ತವೆ. ಲಂಡನ್ನಿನ ವೈಟ್‌ಚಾಪೆಲ್‌ನಲ್ಲಿ 2017ರಲ್ಲಿ ಇಂಥದ್ದೇ ಜಿಡ್ಡು, ಒರೆಸುವ ವೆಟ್ ವೈಪ್ಸ್ ಸೇರಿ ಗಟಾರದೊಳಗೆ 250 ಮೀಟರ್ ಉದ್ದದ, ಸುಮಾರು 130 ಟನ್ ತೂಕದ ಗಡ್ಡೆಯಾಗಿತ್ತು. ಅದಕ್ಕೇ ಪರಾತದ ಹಿಟ್ಟು ಒಣಗಿದ ಮೇಲೆ ಕೆರೆದು ದನದ ಕಲಗಚ್ಚಿಗೆ ಹಾಕಿರಿ. ಬಾಣಲೆಯ ಜಿಡ್ಡನ್ನು ಹಳೇ ಪೇಪರಿನಿಂದ ಒರೆಸಿ ಆಮೇಲೆ ತೊಳೆಯಿರಿ. ಸಿಂಕಿನ ಬಾಯಿಗೆ ಸಣ್ಣ ಕಣ್ಣಿನ ಜಾಳಿ ಇರಲಿ.

ಸ್ನಾನದ ಕೋಣೆಯ ಶತ್ರು ಕೂದಲು. ನಮ್ಮ ಬೋರಿನ ಸವಳು ನೀರಿನಲ್ಲಿ ಸೋಪು ನೊರೆ ಬಿಡುವುದು ಕಡಿಮೆ. ಸುಣ್ಣದ ಅಂಶದ ಜೊತೆ ಕೂಡಿ ಬಿಳಿ ಕೆನೆಯಾಗಿ ಕೂದಲಿಗೆ ಮೆತ್ತುತ್ತದೆ. ತಂಗಿ, ತಲೆ ತೊಳೆದ ದಿನ ಜಾಳಿ ಎತ್ತಿ ಕೂದಲು ತೆಗೆದರೆ ಆಯಿತು, ಎರಡು ನಿಮಿಷದ ಕೆಲಸ. ತಮ್ಮಾ, ಇದು ಆಕೆಯೊಬ್ಬಳ ಕೆಲಸವಲ್ಲ.

ಆದರೂ ಕಟ್ಟಿತು ಅನ್ನಿ. ಮೊದಲು ಸಿಂಕಿನ ಕೆಳಗೆ ಬಕೆಟ್ ಇಟ್ಟು ಬಾಟಲ್ ಟ್ರ್ಯಾಪನ್ನು ಕೈಯಿಂದ ತಿರುವಿ ಬಿಚ್ಚಿರಿ. ಎಷ್ಟೋ ಸಲ ರೋಗ ಅಲ್ಲೇ ಇರುತ್ತದೆ. ಅಲ್ಲಿಲ್ಲದಿದ್ದರೆ ಅದನ್ನು ಮತ್ತೆ ಕೂಡಿಸಿ ರಬ್ಬರ್ ಪಂಪು ಹಿಡಿಯಿರಿ. ರಬ್ಬರು ಮುಳುಗುವಷ್ಟು ನೀರು ಇರಬೇಕು, ಪಕ್ಕದ ತೂತಿಗೆ ಒದ್ದೆ ಬಟ್ಟೆ ತುರುಕಬೇಕು, ಇಲ್ಲದಿದ್ದರೆ ಗಾಳಿ ಅಲ್ಲಿಂದ ತಪ್ಪಿಸಿಕೊಳ್ಳುತ್ತದೆ. ಒತ್ತುವಷ್ಟೇ ಜೋರಾಗಿ ಮೇಲಕ್ಕೆಳೆಯಿರಿ. ಜಿಡ್ಡಿಗೆ ಬಟ್ಟೆ ಸೋಡಾ, ಬಿಸಿನೀರು ಸಾಕು. ಕುದಿಯುವ ನೀರು ಬೇಡ, ಪಿವಿಸಿ ಪೈಪು ಮೆತ್ತಗಾಗುತ್ತದೆ.

ಆ್ಯಸಿಡ್ ವಿಷಯದಲ್ಲಿ ನನ್ನ ಮಾತನ್ನು ಕಟ್ಟುನಿಟ್ಟಾಗಿ ಪಾಲಿಸಿರಿ. ಆ್ಯಸಿಡ್ ಹಾಕಿದ ಕಡೆ ಬ್ಲೀಚಿಂಗ್ ಪುಡಿ ಬಿದ್ದರೆ ಕ್ಲೋರಿನ್ ಅನಿಲ ಏಳುತ್ತದೆ. ಬಾಗಿಲು ಹಾಕಿದ ಸಣ್ಣ ಕೋಣೆಯಲ್ಲಿ ಅದು ಜೀವ ತೆಗೆಯಬಲ್ಲದು. ಪೈಪು ಬಿಡಿಸುವ ಕಾಸ್ಟಿಕ್ ಸೋಡಾ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋದೀತು. ಆ್ಯಸಿಡ್, ಬ್ಲೀಚಿಂಗ್ ಪುಡಿ, ಕಾಸ್ಟಿಕ್ ಸೋಡಾ, ಇವುಗಳಲ್ಲಿ ಯಾವುದನ್ನೂ ಎಂದಿಗೂ ಒಂದರ ಮೇಲೊಂದು ಸುರಿಯಬೇಡಿರಿ.

ಊರಿಗೆ ಹೋಗಿ ಬಂದಾಗ ಬಚ್ಚಲು ನಾರಿದರೆ ಗಾಬರಿಯಾಗಬೇಡಿರಿ. ಬಚ್ಚಲ ನೆಲದ ನಹಾನಿ ಟ್ರ್ಯಾಪಿನಲ್ಲಿ ಸದಾ ನಿಲ್ಲಬೇಕಾದ ನೀರು ನಮ್ಮ ಬಿಸಿಲಿಗೆ ಆರಿರುತ್ತದೆ. ಪೈಪಿನ ಡೊಂಕಿನಲ್ಲಿ ನೀರು ನಿಲ್ಲಿಸಿ ನಾತ ತಡೆಯುವ ಈ ಉಪಾಯಕ್ಕೆ ಅಲೆಕ್ಸಾಂಡರ್ ಕಮಿಂಗ್ ಎಂಬ ಗಡಿಯಾರ ಮಾಡುವವನು 1775ರಲ್ಲೇ ಪೇಟೆಂಟ್ ಪಡೆದಿದ್ದ. ಒಂದು ತಂಬಿಗೆ ನೀರು ಹಾಕಿರಿ, ನಾತ ನಿಲ್ಲುತ್ತದೆ.

ಇನ್ನು ಗೌಂಡಿಗೆ ಹೇಳಬೇಕಾದದ್ದು. ನಾಲ್ಕಿಂಚಿನ ಪೈಪಿಗೆ 10 ಅಡಿಗೆ 3 ಇಂಚು ವಾಟ ಇರಲಿ. ಪೈಪು ತಿರುಗುವ ಕಡೆಯೆಲ್ಲ ಚೇಂಬರ್ ಇರಲಿ, ಅದರ ಮುಚ್ಚಳದ ಮೇಲೆ ಟೈಲ್ಸ್ ಹಾಕಿ ಮುಚ್ಚುವುದು ಬೇಡ. ಬಬಲೇಶ್ವರದ ಕಡೆಯ ಎರೆ ನೆಲ ಮಳೆಗೆ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ, ಅದರ ಜೊತೆ ಪೈಪಿನ ಕೀಲೂ ಬಿಡುತ್ತದೆ. ಕೆಳಗೆ ಗರಸು ಹಾಸಿಯೇ ಪೈಪು ಇಡಿಸಿರಿ. ಎರೆಯಲ್ಲಿ ತೋಡಿದ ಇಂಗುಗುಂಡಿ ನೀರು ಕುಡಿಯುವುದು ಬಲು ನಿಧಾನ. ಬಚ್ಚಲ ನೀರನ್ನು ಬಾಳೆಗೋ ತೆಂಗಿಗೋ ಹರಿಸುವುದು ವಾಸಿ.

ಶೌಚದ ಗುಂಡಿ ತುಂಬಿದ ದಿನ ಯಾರೋ ಬಂದು, ದುಡ್ಡು ಕೊಟ್ಟರೆ ಒಳಗಿಳಿದು ತೆಗೆಯುತ್ತೇನೆ ಎನ್ನಬಹುದು. ಒಪ್ಪಬೇಡಿರಿ. ಒಳಗಿನ ವಿಷಗಾಳಿಗೆ ಇಳಿದವನೂ ಅವನನ್ನು ಎತ್ತಲು ಹೋದವನೂ ಸತ್ತ ಸುದ್ದಿ ಇಂದಿಗೂ ಓದುತ್ತಿದ್ದೇವೆ. ರಕ್ಷಣೆಯಿಲ್ಲದೆ ಹೀಗೆ ಮನುಷ್ಯನನ್ನು ಇಳಿಸುವುದು 2013ರ ಕಾಯ್ದೆಯ ಪ್ರಕಾರ ಅಪರಾಧ. ಇಂಥ ಸಾವಿಗೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ಹಣ ಅವನ ಮಕ್ಕಳಿಗೆ ಅಪ್ಪನಾಗುವುದಿಲ್ಲ. ಹೀರುವ ಯಂತ್ರದ ಗಾಡಿಯನ್ನೇ ಕರೆಸಿರಿ. ಗುಂಡಿಯನ್ನು ಹಿತ್ತಲ ಮೂಲೆಗೆ ಒತ್ತದೆ, ಆ ಗಾಡಿಯ ಪೈಪು ಮುಟ್ಟುವಂತೆ ರಸ್ತೆಯ ಕಡೆಗೆ ತೆಗೆಸಿರಿ. ನಾಳೆ ಗೌಂಡಿ ದಾರ ಹಿಡಿದು ಗುರುತು ಹಾಕುವ ಮೊದಲೇ ಆ ಜಾಗವನ್ನು ಅವನಿಗೆ ತೋರಿಸಿಬಿಡಿರಿ.