ಹಸಿಕಸದ ಡಬ್ಬಿಗೂ ಗಾಳಿ ಬೇಕು

ಸವಳಂಗದ ಸುತ್ತಲಿನ ಊರುಗಳಲ್ಲಿ ತರಕಾರಿ ಸಿಪ್ಪೆಯೂ ಅಕ್ಕಿ ತೊಳೆದ ನೀರೂ ಕಲಗಚ್ಚಾಗಿ ದನಗಳಿಗೆ, ಉಳಿದದ್ದು ತಿಪ್ಪೆಗೆ ಸೇರುತ್ತಿದ್ದಾಗ ಅಡುಗೆಮನೆಗೆ ಕಸದ ಡಬ್ಬಿಯ ಅಗತ್ಯ ಅಷ್ಟಾಗಿ ಇರಲಿಲ್ಲ. ಕೊಟ್ಟಿಗೆಯಿಲ್ಲದ ಮನೆಗಳು ಹೆಚ್ಚಿದಂತೆ ಡಬ್ಬಿ ಬಂದಿದೆ, ಅದರೊಡನೆ ಒಂದು ತಪ್ಪೂ ಬಂದಿದೆ. ನಾತ ಹೊರಬರಬಾರದೆಂದು ಅನೇಕರು ಡಬ್ಬಿಯೊಳಗೆ ಪ್ಲಾಸ್ಟಿಕ್ ಚೀಲ ಹಾಕಿ ಮುಚ್ಚಳವನ್ನು ಬಿಗಿಯಾಗಿ ಮುಚ್ಚುತ್ತಾರೆ. ಆದರೆ ಗಾಳಿಯಾಡದ ಹಸಿಕಸದಲ್ಲಿ ಆಮ್ಲಜನಕವಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಹೆಚ್ಚುವುದರಿಂದಲೇ ಆ ನಾತ ಹುಟ್ಟುತ್ತದೆ ಎಂಬುದನ್ನು ಓದುಗರು ಗಮನಿಸಬೇಕು.

ಪೂನಂ ಬೀರ್ ಕಸ್ತೂರಿ ಅವರು 2006ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ‘ಡೈಲಿ ಡಂಪ್’ ಸಂಸ್ಥೆಯ, ಹಸಿಕಸವನ್ನು ಗೊಬ್ಬರವಾಗಿಸುವ, ಒಂದರ ಮೇಲೊಂದು ಕೂರುವ ಸುಟ್ಟಮಣ್ಣಿನ ಮಡಕೆಗಳು ಈ ತಿಳಿವಳಿಕೆಯ ಮೇಲೆಯೇ ರೂಪುಗೊಂಡಿವೆ: ರಂಧ್ರಗಳು ಗಾಳಿಯನ್ನು ಒಳಬಿಟ್ಟರೆ, ಮಣ್ಣಿನ ಗೋಡೆ ತೇವವನ್ನು ಹೀರುತ್ತದೆ. ಅವನ್ನೇ ಕೊಳ್ಳಬೇಕೆಂದಿಲ್ಲ. ಹಳೆಯ ಬಕೆಟ್ಟಿನ ಪಕ್ಕಗಳಲ್ಲಿ ರಂಧ್ರ ಕೊರೆದು, ತಳದಲ್ಲಿ ಒಣ ಎಲೆ ಹಾಸಿ, ನೀರು ಬಸಿದ ಕಸವನ್ನಷ್ಟೇ ಹಾಕಿ, ಪ್ರತಿ ಸಲವೂ ಅದರ ಮೇಲೆ ಮರದ ಹೊಟ್ಟನ್ನೋ ಮೆಕ್ಕೆಜೋಳದ ತೆನೆಯ ಒಣಸಿಪ್ಪೆಯ ಚೂರನ್ನೋ ಉದುರಿಸಿ, ನೊಣ ಕೂರದಂತೆ ತೆಳುಬಟ್ಟೆ ಕಟ್ಟಿದರೆ ಸಾಕು. ಅಡಿಕೆಸಿಪ್ಪೆ ಧಾರಾಳವಾಗಿ ಸಿಕ್ಕರೂ ಅದರ ನಾರು ಕೊಳೆಯಲು ಬಹುಕಾಲ ಹಿಡಿಯುವುದರಿಂದ ಅದನ್ನು ಬಳಸದಿರುವುದು ಲೇಸು.

ನೆರೆಮನೆಯ ದನಕ್ಕೆ ಕಲಗಚ್ಚು ಕೊಡುವ ಒಳ್ಳೆಯ ರೂಢಿ ಉಳಿಸಿಕೊಂಡವರು ಹಳಸಿದ ಅನ್ನವನ್ನು ಅದಕ್ಕೆ ಸೇರಿಸಬಾರದು. ಹಾಲಿನ ಪ್ಯಾಕೆಟ್ಟಿನಿಂದ ಕತ್ತರಿಸಿದ ಮೂಲೆಯಂಥ ಸಣ್ಣ ಪ್ಲಾಸ್ಟಿಕ್ ಚೂರುಗಳೂ ದನದ ಹೊಟ್ಟೆಯಲ್ಲಿ ಕರಗದೆ ಉಳಿಯುವುದರಿಂದ, ಕೊಡುವ ಮುನ್ನ ಪಾತ್ರೆಯಲ್ಲಿ ಒಮ್ಮೆ ಕೈಯಾಡಿಸಿ ನೋಡಬೇಕು.